ಉಸ್ಮಾನಸಾಬರ ಅಳಿಯನ ಸೈಕಲ್ಲು

ಶನಿವಾರ ಬೆಳಿಗ್ಗೆ ಶಿರಗುಪ್ಪಿಯ ಮೊಸರಿನ ದುರಗವ್ವ ತಲೆಯ ಮೇಲಿನ ಗಡಿಗೆ ಇಳಿಸುವ ಮೊದಲೇ ಒಂದು ಸುದ್ದಿ ಇಳಿಸಿದಳು. ಆ ಸುದ್ದಿಯ ದೆಸೆಯಿಂದ ಕೇಶ್ವಾಪುರದ ಆ ಓಣಿಯಲ್ಲಿ ಅಂದು ಸಂಜೆಯ ತನಕ ಯಾರೂ ತಮ್ಮ ತಮ್ಮ ಕೆಲಸ ಮಾಡಲಿಲ್ಲ.

“ನಿಮ್ಮ ಮಾವಾರು ಇವತ್ತ ಸಂತಿಗೆ ಚಕ್ಕಡಿ ಹೂಡ್ಯಾರ್ರಿ,” ಎಂದಳು ಆಕೆ. “ಸಂತಿ ಮುಗಿಸ್ಕೊಂಡು ಹೊತ್ತು ಇಳಿಯೂ ಮುಂದ ನಿಮ್ಮ ಮನಿಗೆ ಬರ್ತಾರಂತ. ಮೊದಲ ಸೈಕಲ್ಲು ನೋಡ್ತೇನಿ, ಆಮ್ಯಾಲೆ ಮಗಳ ಮಾತು ಆಡೂಣು ಅಂತ ಹೇಳಿ ಕಳಿಸ್ಯಾರ.”

ಶಾಬುದ್ದೀನ ಮೊಸರಿಗೆಂದು ಪಾತ್ರೆ ಹಿಡಿದವನು ಹಿಡಿದೇ ನಿಂತ. ದುರಗವ್ವ ಅದರಲ್ಲಿ ಎಂದಿಗಿಂತ ಎರಡರಷ್ಟು ಮೊಸರು ಸುರಿದು, ಅವನು ಬೇಡವೆನ್ನದ್ದನ್ನು ನೋಡಿ ಖುಷಿಯಾಗಿ, ಮುಂದಿನ ಮನೆಗೆ ಹೋದಳು.

ಈ ಶಾಬುದ್ದೀನ ಓಣಿಯ ತಲೆಗಿದ್ದ ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದವನು. ಮೆತ್ತಗಿನ ಮನುಷ್ಯ. ಯಾರು ಏನು ಹೇಳಿದರೂ ಹೂಂ ಎನ್ನುವುದು ಅವನ ಸ್ವಭಾವ, ಅವನ ತೊಂದರೆಗಳೆಲ್ಲ ಹುಟ್ಟುತ್ತಿದ್ದದ್ದು ಅಲ್ಲಿಂದಲೇ. ಅವನ ಮಾವ ಶಿರಗುಪ್ಪಿಯ ಉಸ್ಮಾನಸಾಬರದು ಇದಕ್ಕೆ ತದ್ವಿರುದ್ಧವಾದ ಜಾತಕ. ಒಕ್ಕಲುತನದ ಜೊತೆಗೆ ನಲವತ್ತು ವರ್ಷದಿಂದ ಹುಬ್ಬಳ್ಳಿಯ ದನದ ಸಂತೆಯಲ್ಲಿ ಓಡಾಡಿದವರು. ಎತ್ತಿನ ಬೆನ್ನ ಮೇಲೊಮ್ಮೆ ಕೈ ಆಡಿಸಿದರೆ ಸಾಕು, ಎತ್ತಿನದಷ್ಟೇ ಅಲ್ಲ, ಮಾರಲು ತಂದವನ ಯೋಗ್ಯತೆಯೂ ಅವರಿಗೆ ತಿಳಿಯುತ್ತಿತ್ತು. ಸಂತೆಯ ರೀತಿಯಲ್ಲಿ ಅವರು ವ್ಯವಹಾರವನ್ನು ಬಾಯಿಂದ ಮಾಡಿದವರೇ ಅಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈ ಮೇಲೆ ಮುಚ್ಚಿ, ಅದರ ಕೆಳಗೆ ಬೆರಳು ಹಿಡಿದು, ಅದುಮಿ, ಬಿಡಿಸಿ, ಮುಖ ಹಿಂಡಿ, ತಲೆ ಅಲ್ಲಾಡಿಸಿ ಬೆಲೆ ಕುದುರಿಸುತ್ತಿದ್ದರು. ವಲ್ಲಿಯ ಕೆಳಗೆ ಕೈ ಇದ್ದಾಗ ಪಕ್ಕದಲ್ಲಿ ನಿಂತವನು ಉಸಿರು ಎತ್ತಬಾರದು. ಅದು ಅಲ್ಲಿಯ ಮರ್ಯಾದೆ.

ಮಗಳು ಗುಲ್ಜಾರಬಿಯ ಲಗ್ನದಲ್ಲಿ ಅಳಿಯನಿಗೆ ವಿಲಾಯತಿ ಸೈಕಲ್ಲು ಕೊಡುವುದೆಂದು ಮಾತಾಗಿತ್ತು. ಉಸ್ಮಾನಸಾಬರು ಹುಬ್ಬಳ್ಳಿಯ ಅಹಮದಸಾಬನ ಸೈಕಲ್ ಅಂಗಡಿಗೆ ಹೋಗಿ, ಒಂದನ್ನು ಮೆಚ್ಚಿ, ಅದರ ಮುಂದಿನ ಗಾಲಿ ಎತ್ತಿ ಗೊರಸು ನೋಡಿದಂತೆ ನೋಡಿ, ಅಹಮದಸಾಬನ ಕೈ ಮೇಲೆ ವಲ್ಲಿ ಮುಚ್ಚಿ ಅವನ ಎರಡು ಬೆರಳು ಹಿಡಿದರು. ಮುದುಕರಿಗೆ ತಲೆ ಸುತ್ತು ಬಂದಿತೆಂದು ಗಾಬರಿಯಾಗಿ ಅಹಮದಸಾಬ ಅವರನ್ನು ಕೂಡಿಸಿ ನೀರು ಕುಡಿಸಿದ. ಕಡೆಗೆ ನಾಲ್ಕು ಜನರೆದುರು ಬೆಲೆಯನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದು ಉಸ್ಮಾನಸಾಬರಿಗೆ ಬಹಳ ದಿನ ಮನಸ್ಸಿನಲ್ಲಿ ಉಳಿಯಿತು. ಸೈಕಲ್ಲನ್ನು ಅಳಿಯನ ಕೈಗೆ ಒಪ್ಪಿಸುವಾಗ ಅವರು ಹೇಳಿದ್ದು ಒಂದೇ ಮಾತು: “ಬಾಯಿಲ್ಲದ್ದು ಐತ್ರಿ. ನೀವ ನೋಡ್ಕೋಬೇಕು.”

ಶಾಬುದ್ದೀನ ನೋಡಿಕೊಳ್ಳಲಿಲ್ಲ. ಮನೆಯಿಂದ ಪ್ರೆಸ್ಸಿಗೆ ಅರವತ್ತು ಹೆಜ್ಜೆ, ಸೈಕಲ್ಲು ಹತ್ತಿ ಇಳಿಯುವಷ್ಟರಲ್ಲಿ ಪ್ರೆಸ್ಸು ದಾಟಿ ಹೋಗುತ್ತಿತ್ತು. ನಾಲ್ಕು ಸಲ ದಾಟಿ, ಎರಡು ಸಲ ಬಿದ್ದು, ಅದನ್ನು ಪಡಸಾಲೆಯ ಮೂಲೆಗೆ ಒರಗಿಸಿಟ್ಟ. ಅಲ್ಲಿ ಅದಕ್ಕೆ ತುಕ್ಕು ಹತ್ತಿತು. ಪಕ್ಕದ ಮನೆಯ ಕಸ್ತೂರೆವ್ವನ ಕೋಳಿಯೊಂದಕ್ಕೆ ಅದರ ಕ್ಯಾರಿಯರು ಬಹಳ ಹಿಡಿಸಿತು. ಮಗಳನ್ನು ಬಾಣಂತನಕ್ಕೆ ಕರೆದೊಯ್ಯಲು ಉಸ್ಮಾನಸಾಬರು ಬಂದ ದಿನ ಅದರ ಮೇಲೆ ಕೋಳಿ ಕೂತಿತ್ತು. ಅವರು ಕೋಳಿಯನ್ನು ಎತ್ತಿ ಕೆಳಗೆ ಬಿಟ್ಟರು. ಕೆಳಗೊಂದು ತತ್ತಿ ಇತ್ತು. ತತ್ತಿಯನ್ನು ಅಳಿಯನ ಅಂಗೈಯಲ್ಲಿಟ್ಟು, ಚಹಾ ಕುಡಿದು, ಮಗಳನ್ನು ಚಕ್ಕಡಿಗೆ ಹತ್ತಿಸಿಕೊಂಡು ಹೋದರು.

ಗಂಡು ಮಗು ಹುಟ್ಟಿ ಈಗ ಐದು ತಿಂಗಳು ತುಂಬಿತ್ತು. ಮಗಳನ್ನು ತಿರುಗಿ ಕಳಿಸುವ ಕಾಲ. ಶಾಬುದ್ದೀನ ಹೇಳಿಕಳಿಸಿದಾಗಲೆಲ್ಲ, ಅಳಿಯಾರು ಸೈಕಲ್ಲು ಹೆಂಗ ಇಟ್ಟಾರ ಅನ್ನುವ ಮರುಪ್ರಶ್ನೆಯೇ ಬರುತ್ತಿತ್ತು. ಒಂದು ಬಾಯಿಲ್ಲದ ಜೀವವನ್ನು ನೋಡಿಕೊಳ್ಳದವನ ಕೈಗೆ ಇನ್ನೊಂದನ್ನು ಹೇಗೆ ಕೊಡುವುದು ಎಂಬುದು ಅವರ ಲೆಕ್ಕ. ಮಗನನ್ನು ಶಾಬುದ್ದೀನ ನೋಡಿದ್ದು ಒಂದೇ ಸಲ, ಅದೂ ಮಲಗಿದ್ದಾಗ. ಮಗುವಿನ ಕಣ್ಣು ಹೇಗಿವೆ ಎಂದು ಯಾರಾದರೂ ಕೇಳಿದರೆ ಹೇಳಲು ಅವನಿಗೆ ಬರುತ್ತಿರಲಿಲ್ಲ. ಗುಲ್ಜಾರಬಿಯ ನೆನಪಾದಾಗ ಅವನು ಕಸ್ತೂರೆವ್ವನ ರೊಟ್ಟಿಯನ್ನು ಅರ್ಧಕ್ಕೇ ಬಿಡುತ್ತಿದ್ದ.

ಹೀಗಾಗಿ ಅಂದು ಅವನು ಹೊಟ್ಟೆನೋವೆಂದು ಪ್ರೆಸ್ಸಿಗೆ ಹೇಳಿಕಳಿಸಿ, ನೆಟ್ಟಗೆ ಅಹಮದಸಾಬನ ಅಂಗಡಿಗೆ ಹೋದ. ಅಹಮದಸಾಬ ಮೂರು ಡಬ್ಬಿ ತೆಗೆದು ಸಾಲಾಗಿ ಇಟ್ಟ. ಮೂರರ ಮೇಲೂ ಸೈಕಲ್ಲು ಹೊಡೆಯುತ್ತಿರುವ ಒಬ್ಬ ಮೇಮಸಾಬಳ ಚಿತ್ರ. ಹುಬ್ಬಳ್ಳಿಯ ಮಂದಿ ಅದನ್ನು ಮೇಮಸಾಬ ಡಬ್ಬಿ ಎಂದೇ ಕರೆಯುತ್ತಿದ್ದರು. ಒಂದರಲ್ಲಿಯದು ತೊಳೆಯಲು, ಒಂದರಲ್ಲಿಯದು ಹೊಳೆಯಿಸಲು, ಇನ್ನೊಂದು ಚೈನಿಗೆ. ಯುದ್ಧ ಹತ್ತಿದಾಗಿನಿಂದ ವಿಲಾಯತಿ ಹಡಗು ಬರುವುದು ನಿಂತಿದೆ, ಊರಿಗೆಲ್ಲ ಉಳಿದದ್ದು ಇವು ಮೂರೇ ಡಬ್ಬಿ, ಮೂರಕ್ಕೂ ಕೂಡಿ ಐದು ರೂಪಾಯಿ ಎಂದು ಹೇಳಿದ. ಶಾಬುದ್ದೀನನ ತಿಂಗಳ ಪಗಾರವೇ ಹದಿನೆಂಟು. ಒಂದೇ ಡಬ್ಬಿ ಸಾಲುವುದಿಲ್ಲವೇ ಎಂದು ಕೇಳಿದ. ತೊಳೆಯದೆ ಹೊಳೆಯುವುದಿಲ್ಲ, ಹೊಳೆದರೂ ಚೈನು ಕೇಳುವುದಿಲ್ಲ ಎಂದ ಅಹಮದಸಾಬ. ಶಾಬುದ್ದೀನ ಮೇಮಸಾಬಳನ್ನು ಇನ್ನೊಮ್ಮೆ ನೋಡಿ ತಿರುಗಿ ಬಂದ.

ಬಂದವನು ಸುಮ್ಮನೆ ಒಳಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಕಸ್ತೂರೆವ್ವನ ಮುಂದೆ ಎಲ್ಲವನ್ನೂ ಹೇಳಿಕೊಂಡ.

ಕಸ್ತೂರೆವ್ವ ನಾಲ್ಕಾರು ಒಂಟಿ ಗಂಡಸರಿಗೆ ರೊಟ್ಟಿ ಬಡಿದು ಹಾಕಿ ಬದುಕಿದ ಹೆಣ್ಣುಮಗಳು. ಆಕೆಯ ಹಿತ್ತಾಳೆಯ ಕೊಡಗಳು ಬಾಗಿಲಲ್ಲಿಟ್ಟರೆ ಓಣಿಯ ಎದುರಿನ ಗೋಡೆಗೆ ಬೆಳಕು ಬೀಳುತ್ತಿತ್ತು. ಐದು ರೂಪಾಯಿ ಎಂದು ಕೇಳಿದ್ದೇ ಆಕೆಗೆ ಸಿಟ್ಟು ಬಂತು.

“ತಮ್ಮಾ, ಹೊಲಸು ಹೋಗಾಕ ಮೇಮಸಾಬ ಯಾಕ ಬೇಕು? ಹುಣಸಿಹಣ್ಣು, ಒಲಿ ಬೂದಿ. ನಮ್ಮತ್ತಿ ಇವೆರಡರಾಗ ಐವತ್ತು ವರ್ಷ ಸಂಸಾರ ತಿಕ್ಕ್ಯಾಳ. ಹೊರಗ ತಗೀ ಅದನ್ನ.”

ಶಾಬುದ್ದೀನ ಹೂಂ ಎಂದ. ಸೈಕಲ್ಲು ಓಣಿಗೆ ಬಂತು. ಕಸ್ತೂರೆವ್ವ ಸೆರಗು ಬಿಗಿದು, ಅದನ್ನು ನೆಲಕ್ಕೆ ಅಡ್ಡ ಕೆಡವಿ, ದೊಡ್ಡ ಹಂಡೆ ತಿಕ್ಕುವ ಹಾಗೆ ತಿಕ್ಕತೊಡಗಿದಳು. ತುಕ್ಕು ಹೋಯಿತು, ಅದರಲ್ಲಿ ಸುಳ್ಳಿಲ್ಲ. ಹ್ಯಾಂಡಲ್ಲು ಬೆಳ್ಳಗಾಯಿತು. ಗಂಟೆ ಬೆಳ್ಳಗಾಗಿ, ಇನ್ನೂ ತಿಕ್ಕಿದಾಗ ಒಳಗಿನ ಹಿತ್ತಾಳೆ ಕಂಡು ಹಳದಿಯಾಯಿತು. ಆಕೆಯ ಕೈಗೆ ಕಡಿವಾಣವಿಲ್ಲದ್ದರಿಂದ ಅದೇ ಹುಮ್ಮಸ್ಸಿನಲ್ಲಿ ಕರಿಯ ಬಣ್ಣದ ಮೇಲೂ ಬೂದಿ ಆಡಿಸಿದಳು. ಶಾಬುದ್ದೀನ ಬಗ್ಗಿ ನೋಡುವಷ್ಟರಲ್ಲಿ, ನಡುವಿನ ಕೊಳವೆಯ ಮೇಲಿದ್ದ ಬಂಗಾರದ ಇಂಗ್ಲಿಷ್ ಅಕ್ಷರಗಳು ಹುಣಸೆ ನೀರಿನ ಸಂಗಡ ಗಟಾರಕ್ಕೆ ಹೋಗಿದ್ದವು. ಕರಿ ಮೈಯ ತುಂಬ ಬೆಕ್ಕು ಪರಚಿದಂತೆ ಬಿಳಿಯ ಗೆರೆ.

ಗಾಣದ ಬಸಣ್ಣ ಅಷ್ಟು ಹೊತ್ತಿಗೆ ಬಂದು ನಿಂತಿದ್ದ. ಎದುರು ಮನೆಯವನು, ಕುಸುಬಿ ಎಣ್ಣೆ ಗಾಣದವನು. ಲೋಕದ ಸಕಲ ಬೇನೆಗಳೂ ಕುಸುಬಿ ಎಣ್ಣೆ ಕಡಿಮೆಯಾದದ್ದರಿಂದ ಬರುತ್ತವೆ ಎಂದು ಅವನು ಮನಸಾರೆ ನಂಬಿದ್ದ. ಡಬ್ಬಿಯಲ್ಲಿ ಬರುವ ಚೈನೆಣ್ಣೆ ಎಲ್ಲಿಯೋ ಯಾರೋ ತೆಗೆದದ್ದು, ತಾಜಾ ಗಾಣದೆಣ್ಣೆಯ ಮುಂದೆ ಅದು ಯಾವ ಲೆಕ್ಕ ಎಂದು ಹೇಳಿ, ಒಂದು ಸೇರಿನ ತಂಬಿಗೆ ತಂದು ಚೈನಿಗೆ ಅಭಿಷೇಕ ಮಾಡಿದ. ಎಣ್ಣೆ ಮಿಕ್ಕಿತು. ಮನೆಗೆ ತಿರುಗಿ ಒಯ್ಯುವುದು ಒಳ್ಳೆಯದಲ್ಲವೆಂದು ಗಾಲಿಗಳ ಉಕ್ಕಿನ ಬಳೆಗೂ ಸುತ್ತ ಹಚ್ಚಿದ. ಎರಡೂ ಗಾಲಿ ಥಳಥಳ ಹೊಳೆದವು.

“ಎಣ್ಣಿ ಒಳಗ ಇಳೀಬೇಕಾದ್ರ ಒಂದು ಸುತ್ತು ಹೊಡೀಬೇಕು,” ಎಂದ ಬಸಣ್ಣ. “ಹತ್ತ್ರಿ.”

ಶಾಬುದ್ದೀನ ಹೂಂ ಎಂದು ಹತ್ತಿದ.

ಆ ಓಣಿ ಕೆಳಗಿನ ತುದಿಗೆ ಸ್ವಲ್ಪ ಇಳಿಜಾರು. ಹತ್ತು ಮಾರು ಹೋದ ಮೇಲೆ ಶಾಬುದ್ದೀನ ಬ್ರೇಕು ಹಿಡಿದ. ಬ್ರೇಕಿನ ರಬ್ಬರು ಗಾಲಿಯ ಬಳೆಯನ್ನು ಹಿಡಿಯಲು ಹೋಗಿ ಕುಸುಬಿ ಎಣ್ಣೆಯಲ್ಲಿ ಜಾರಿ ಸುಮ್ಮನಾಯಿತು. ಇನ್ನೂ ಬಿಗಿಯಾಗಿ ಹಿಡಿದ. ಸೈಕಲ್ಲು ಇನ್ನೂ ಜೋರಾಗಿ ಓಡಿತು. ಓಣಿಯ ಕೆಳತುದಿಯಲ್ಲಿ ಕಸ್ತೂರೆವ್ವ ವರ್ಷದ ಖಾರಕ್ಕೆಂದು ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿಯನ್ನು ಚಾಪೆಯ ಮೇಲೆ ಬಿಸಿಲಿಗೆ ಹರವಿದ್ದಳು. ಶಾಬುದ್ದೀನ ಅದರ ಒಂದು ಕಡೆಯಿಂದ ಹೊಕ್ಕು, ಇನ್ನೊಂದು ಕಡೆಯಿಂದ ಹೊರಬೀಳುವ ಮೊದಲು, ನಡುವೆಯೇ ಬಿದ್ದ.

ಬಿದ್ದ ಮೇಲೂ ಹಿಂದಿನ ಗಾಲಿ ತಿರುಗುತ್ತಲೇ ಇತ್ತು. ಎಣ್ಣೆ ಕುಡಿದ ಚೈನಿನ ಹಲ್ಲಿಗೆ ಮೆಣಸಿನಕಾಯಿ ಸಿಕ್ಕು ಹದವಾದ ಖಾರಪುಡಿ ಗಾಳಿಗೆ ಹಾರಿತು. ಮೊದಲು ಸೀನಿದ್ದು ಶಾಬುದ್ದೀನ, ಆಮೇಲೆ ಅವನನ್ನು ಎತ್ತಲು ಓಡಿಬಂದ ಬಸಣ್ಣ, ಆಮೇಲೆ ಬಯ್ಯಲು ಬಂದ ಕಸ್ತೂರೆವ್ವ. ಆಕೆ ಹತ್ತು ಸಲ ಬಾಯಿ ತೆರೆದರೂ ಒಂದು ಬೈಗುಳವೂ ಪೂರ್ತಿಯಾಗಲಿಲ್ಲ. ಓಣಿಯ ಬಾಯಿಗೆ ನಿಂತ ಟಾಂಗಾದ ಕುದುರೆ ಸೀನಿದ್ದನ್ನು ತಾವು ಕಂಡೆವೆಂದು ಆಮೇಲೆ ಕೆಲವರು ಹೇಳಿದರು.

ರೈಲ್ವೆ ಕಾರ್ಖಾನೆಯ ಭೋಂಗಾ ಮಧ್ಯಾಹ್ನದ್ದು ಕೂಗಿತು. ಮಾವ ಬರಲು ಇನ್ನು ಅರ್ಧ ದಿನವೂ ಉಳಿದಿರಲಿಲ್ಲ. ಎಣ್ಣೆಗೆ ಅಂಟಿದ ಮೆಣಸಿನಕಾಯಿ ಒಂದೂ ಹಾಳಾಗಬಾರದು, ಎಲ್ಲವನ್ನೂ ಬಿಡಿಸಿ ಕೊಡಬೇಕೆಂದು ಕಸ್ತೂರೆವ್ವ ಪಟ್ಟು ಹಿಡಿದಳು. ತಪ್ಪು ಎಣ್ಣೆಯದೂ ಆದ್ದರಿಂದ ಬಸಣ್ಣನೂ ಕೂತ. ಇಬ್ಬರೂ ಚೈನಿನಿಂದ, ಗಾಲಿಯ ಕಡ್ಡಿಗಳಿಂದ, ಮಡ್‌ಗಾರ್ಡಿನ ಒಳಗಿನಿಂದ ಕಾಯಿ, ಬೀಜ, ಸಿಪ್ಪೆ ಎಲ್ಲವನ್ನೂ ಬರಿಗೈಯಿಂದ ಆರಿಸಿದರು. ಆಗ ಕೈಗೆ ಏನೂ ಅನ್ನಿಸಲಿಲ್ಲ.

ಆರಿಸಿ ಮುಗಿದಾಗ ಸೈಕಲ್ಲು ಬೆಳಗಿನದಕ್ಕಿಂತ ಕೆಟ್ಟದಾಗಿ ಕಾಣುತ್ತಿತ್ತು. ತುಕ್ಕೇನೋ ಇಲ್ಲ, ಆದರೆ ಮೈಯೆಲ್ಲ ಗೀರು. ಶಾಬುದ್ದೀನ ಅದರ ಪಕ್ಕದಲ್ಲಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಗುಲ್ಜಾರಬಿ ಈ ಸಲವೂ ಬರುವುದಿಲ್ಲ ಎಂದು ಅವನಿಗೆ ಖಚಿತವಾಯಿತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಮೆಣಸಿನಕಾಯಿಯ ನೆವವಿದ್ದದ್ದು ಒಳ್ಳೆಯದಾಯಿತು.

ಅದೇ ಓಣಿಯ ಏಕನಾಥ ಊಟಕ್ಕೆ ಮನೆಗೆ ಬಂದದ್ದು ಆಗ. ಅವನು ದವಾಖಾನೆಯೊಂದರಲ್ಲಿ ಕಂಪೌಂಡರ. ಡಾಕ್ಟರರು ಬರೆದದ್ದನ್ನು ಕಲಸಿ ಕೊಡುವುದು ಅವನ ಕೆಲಸ, ಡಾಕ್ಟರರು ಬರೆಯಬೇಕಾಗಿದ್ದುದನ್ನು ಓಣಿಯವರಿಗೆ ತಿಳಿಸುವುದು ಹವ್ಯಾಸ. ಗೀರು ಬಿದ್ದ ಸೈಕಲ್ಲನ್ನು ಕನ್ನಡಕ ಸರಿಮಾಡಿಕೊಂಡು ನೋಡಿದ. ಮನೆಯಲ್ಲಿ ತಾನು ಮೊಳೆ ಹಾಕಿಡುವ ಹಳೆಯ ಮೇಮಸಾಬ ಡಬ್ಬಿ ತಂದು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ನಿಂತ.

“ಮೇಣ, ಟರ್ಪೆಂಟೈನ್, ಮಸಿ,” ಎಂದ ಕಣ್ಣು ತೆರೆದು. “ಮುಗೀತು. ಉಳಿದ ರೊಕ್ಕೆಲ್ಲ ಚಿತ್ರದ್ದು.”

ಕೂಡಲೇ ಓಣಿಗೆ ಜೀವ ಬಂತು. ಮೇಣಬತ್ತಿ ಎರಡು ಶಾಬುದ್ದೀನನ ಮನೆಯಲ್ಲೇ ಇದ್ದವು. ಟರ್ಪೆಂಟೈನನ್ನು ಏಕನಾಥ ಕೀಲುನೋವಿನ ಬಾಟಲಿಯಲ್ಲಿ ತಂದ. ಮಸಿಯನ್ನು ಕಸ್ತೂರೆವ್ವನ ರೊಟ್ಟಿ ಹಂಚಿನ ಬೆನ್ನಿನಿಂದ ಕೆರೆದರು. ಮೆಣಸಿನಕಾಯಿ ತಿರುಗಿ ಸಿಕ್ಕ ಮೇಲೆ ಆಕೆಯ ಸಿಟ್ಟೂ ಇಳಿದಿತ್ತು, ಮೇಲಾಗಿ ಮುಂದೇನಾಗುತ್ತದೆ ನೋಡದೆ ಇರುವುದು ಆಕೆಗೆ ಆಗುತ್ತಿರಲಿಲ್ಲ. ನುಣುಪಿಗೆಂದು ಬಸಣ್ಣ ಯಾರೂ ಕೇಳದೆಯೇ ಎಣ್ಣೆ ಬೆರೆಸಿದ. ಎಲ್ಲವನ್ನೂ ಒಲೆಯ ಮೇಲಿಟ್ಟು ಕಲಕಿದಾಗ ಕಾಡಿಗೆಯಂಥ ಒಂದು ಪದಾರ್ಥ ಬಂತು. ಏಕನಾಥ ಕಟ್ಟೆಯ ಮೇಲೆ ಕೂತು ಎಲ್ಲಿ ಎಷ್ಟು ಹಚ್ಚಬೇಕೆಂದು ಬೆರಳು ಮಾಡಿ ತೋರಿಸಿದ. ಶಾಬುದ್ದೀನ, ಬಸಣ್ಣ ಇಬ್ಬರೂ ಬೊಗಸೆಯಲ್ಲಿ ತೆಗೆದು ಹಚ್ಚಿ, ರಟ್ಟಿಗೆ ಅಂಟಿಸುವ ಅರಿವೆಯ ತುಂಡುಗಳಿಂದ ತಿಕ್ಕಿದರು.

ನಿಜ ಹೇಳಬೇಕೆಂದರೆ ಸೈಕಲ್ಲು ಚೆಲುವಾಯಿತು. ಅಂಗಡಿಯಲ್ಲಿದ್ದಾಗಲೂ ಅದು ಅಷ್ಟು ಕರ್ರಗೆ ಇರಲಿಲ್ಲ. ಒಂದು ಗೀರು ಕಾಣದು. ಬಿಸಿಲು ಬಿದ್ದಾಗ ಅದರ ಮೈಯಲ್ಲಿ ಓಣಿಯ ಮನೆಗಳು ಡೊಂಕಾಗಿ ಕಂಡವು. ಹಾದು ಹೋಗುವವರು ನಿಂತರು, ಒಬ್ಬ ಗಂಟೆ ಬಾರಿಸಿದ, ಇನ್ನೊಬ್ಬ ಸೀಟು ಅದುಮಿ ನೋಡಿದ. ಶಾಬುದ್ದೀನನ ಮುಖದ ಮೇಲೆ ಎಂಟು ತಿಂಗಳ ಮೇಲೆ ನಗೆ ಮೂಡಿತು. ಕಸ್ತೂರೆವ್ವನನ್ನು ಕರೆದು, ನಾಳೆಯಿಂದ ತನಗೆ ರೊಟ್ಟಿ ಬೇಡ, ಮನೆಯಲ್ಲೇ ಆಗುತ್ತದೆ ಎಂದ.

ಉರಿ ಹತ್ತಿದ್ದು ಆ ಗಳಿಗೆಯಲ್ಲಿ.

ಮೆಣಸಿನಕಾಯಿಯ ಖಾರ ಎಣ್ಣೆಯಲ್ಲಿ ನೆನೆದು, ಟರ್ಪೆಂಟೈನಿನ ಸಂಗಡ ಚರ್ಮದೊಳಗೆ ಇಳಿಯಲು ಅಷ್ಟು ಹೊತ್ತು ಬೇಕಾಗಿತ್ತು. ಮೊದಲು ಬೆರಳ ಸಂದಿಯಲ್ಲಿ ಚುರುಗುಟ್ಟಿತು, ಆಮೇಲೆ ಅಂಗೈ ತುಂಬ ಕೆಂಡ ಹಿಡಿದ ಹಾಗಾಯಿತು. ಶಾಬುದ್ದೀನ ಕೈ ಝಾಡಿಸಿದ. ಬಸಣ್ಣ ಕೈ ಊದಿಕೊಂಡ. ನೀರು ಹಾಕಿದರು, ಮೇಣದ ಮೇಲಿಂದ ನೀರು ಜಾರಿ ಹೋಯಿತು. ಏಕನಾಥ ಇದಕ್ಕೆ ಮಜ್ಜಿಗೆಯೇ ಮದ್ದೆಂದ. ಬೆಳಿಗ್ಗೆ ದುರಗವ್ವ ಹೆಚ್ಚಿಗೆ ಸುರಿದು ಹೋಗಿದ್ದ ಮೊಸರನ್ನು ಕಸ್ತೂರೆವ್ವ ಕಡೆದು ತಂದಳು. ಬಸಣ್ಣನ ಹೆಗಲ ವಲ್ಲಿಯನ್ನು ಅದರಲ್ಲಿ ಅದ್ದಿ, ಇಬ್ಬರನ್ನೂ ಎದುರೆದುರು ನಿಲ್ಲಿಸಿ, ನಾಲ್ಕು ಕೈಯನ್ನೂ ಒಟ್ಟಿಗೆ ಸುತ್ತಿ ಮುಚ್ಚಿದಳು. ಒಬ್ಬರ ಬೆರಳು ಇನ್ನೊಬ್ಬರು ಒತ್ತಿ ತಿಕ್ಕಿಕೊಳ್ಳಬೇಕು, ಬಾಯಿ ತೆರೆದರೆ ಉರಿ ಹೆಚ್ಚಾಗುತ್ತದೆ, ಸುಮ್ಮನಿರಬೇಕು ಎಂದು ಏಕನಾಥ ತಾಕೀತು ಮಾಡಿದ. ತಾನು ಬೇಜಾರು ಕಳೆಯಲು ಸೈಕಲ್ಲಿನ ಹಿಂದಿನ ಗಾಲಿ ಎತ್ತಿ ತಿರುವಿ ನಾಲ್ಕು ಜನಕ್ಕೆ ತೋರಿಸುತ್ತ ನಿಂತ.

ಉಸ್ಮಾನಸಾಬರು ಓಣಿಯೊಳಗೆ ಬಂದದ್ದು ಆಗ. ಬಾರುಕೋಲು ಕೈಯಲ್ಲಿತ್ತು. ಚಕ್ಕಡಿಯನ್ನು ಓಣಿಯ ಬಾಯಲ್ಲಿ ಬಿಟ್ಟು, ಮುಖದಲ್ಲಿ ಒಂದು ಸಣ್ಣ ನಗೆ ಇಟ್ಟುಕೊಂಡೇ ಬಂದಿದ್ದರು.

ನಡು ಓಣಿಯಲ್ಲಿ ಅವರಿಗೆ ಕಂಡದ್ದು ಇಷ್ಟು. ತಾವು ಕೊಟ್ಟ ಸೈಕಲ್ಲು ಮದುಮಗನ ಹಾಗೆ ಸಿಂಗಾರವಾಗಿ ನಿಂತಿದೆ. ಸುತ್ತ ಹತ್ತು ಜನ. ಕನ್ನಡಕದವನೊಬ್ಬ ಅದರ ಹಿಂಗಾಲು ಎತ್ತಿ ತೋರಿಸುತ್ತಿದ್ದಾನೆ. ಪಕ್ಕದಲ್ಲಿ ಅಳಿಯ ಮತ್ತು ಯಾರೋ ಒಬ್ಬ, ವಲ್ಲಿಯ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಅದುಮುತ್ತ, ಮುಖ ಹಿಂಡುತ್ತ, ತಲೆ ಅಲ್ಲಾಡಿಸುತ್ತ, ಒಂದು ಮಾತಿಲ್ಲದೆ ನಿಂತಿದ್ದಾರೆ.

ಉಸ್ಮಾನಸಾಬರು ಅಲ್ಲಿಯೇ ನಿಂತರು. ವಲ್ಲಿಯ ಕೆಳಗೆ ಕೈ ಇದ್ದಾಗ ನಡುವೆ ಬಾಯಿ ಹಾಕುವುದು ಅವರ ನಲವತ್ತು ವರ್ಷದ ನೇಮಕ್ಕೆ ವಿರುದ್ಧ. ಮುಖದ ನಗೆ ಮಾತ್ರ ಇಳಿಯುತ್ತ ಹೋಯಿತು. ಬಸಣ್ಣ ಒಮ್ಮೆ ಉರಿ ತಡೆಯಲಾರದೆ ಕೈ ಹಿಂದೆಳೆದುಕೊಂಡ, ಶಾಬುದ್ದೀನ ಅದನ್ನು ಮತ್ತೆ ಒಳಗೆಳೆದ. ಉಸ್ಮಾನಸಾಬರು ಗಂಟಲು ಸಹ ಸರಿಮಾಡಿಕೊಳ್ಳದೆ ಕಾಯ್ದರು. ಅಂತೂ ಉರಿ ಕಡಿಮೆಯಾಗಿ, ಬಸಣ್ಣ ಸಾಕು ಎನ್ನುವಂತೆ ತಲೆ ಆಡಿಸಿ ವಲ್ಲಿ ತೆಗೆದ.

“ಕುದುರಿತು?” ಎಂದರು ಉಸ್ಮಾನಸಾಬರು.

ಶಾಬುದ್ದೀನ ತಿರುಗಿ ನೋಡಿ ಸಲಾಮು ಮಾಡಿದ. ಸಂತೋಷದ ಭರದಲ್ಲಿ ಆ ಮಾತು ಅವನ ಕಿವಿಗೆ ಬಿದ್ದರೂ ಒಳಗೆ ಹೋಗಲಿಲ್ಲ. ಸೈಕಲ್ಲಿನ ಕಡೆ ಕೈ ಮಾಡಿದ. “ನೋಡ್ರಿ ಮಾವಾರ. ನಿಮ್ಮ ಮಾತು ನಡೆಸೇನಿ.”

ಉಸ್ಮಾನಸಾಬರು ನೋಡಿದರು. ನಡುವಿನ ಕೊಳವೆಯ ಮೇಲೆ ಹೆಬ್ಬೆರಳು ಒತ್ತಿ ಎಳೆದರು. ಬೆರಳಿಗೆ ಮಸಿ ಬಂತು, ಕೆಳಗೆ ಬಿಳಿಯ ಗೀರು ಕಂಡಿತು. ಮುದಿ ಎತ್ತಿನ ಗಾಯಕ್ಕೆ, ನರೆತ ಕೂದಲಿಗೆ ಮಸಿ ಬಳಿದು ಸಂತೆಗೆ ಹೊಡೆದು ತರುವವರನ್ನು ತಾವು ಬಹಳ ನೋಡಿದ್ದೇವೆ ಎಂದರು. ಬೆರಳು ಮೂಸಿ, ಇದು ಕುಸುಬಿ ಎಣ್ಣೆ, ಮಾರುವ ದಿನ ಕೊಂಬಿಗೆ ಹಚ್ಚುವುದು ಇದನ್ನೇ ಎಂದರು. ಬಂಗಾರದ ಅಕ್ಷರವಿದ್ದ ಜಾಗವನ್ನು ಸವರಿ, ಕದ್ದ ದನದ ಮೈ ಮೇಲಿನ ಬರೆಯನ್ನು ಹೀಗೆಯೇ ಅಳಿಸುತ್ತಾರೆ ಎಂದರು. ಕಡೆಗೆ ಹಿಂದಿನ ಮಡ್‌ಗಾರ್ಡಿನ ಕೆಳಗೆ ಕೈ ಹಾಕಿದರು. ಅಲ್ಲಿಂದ ಇಡಿಯಾದ ಒಂದು ಬ್ಯಾಡಗಿ ಮೆಣಸಿನಕಾಯಿ ಹೊರಬಂತು. ಮೈಗಳ್ಳ ಎತ್ತು ಗಿರಾಕಿಯ ಮುಂದೆ ಚುರುಕಾಗಿ ಜಿಗಿಯಲೆಂದು ದಲಾಲಿಗಳು ಬಾಲದ ಬುಡದಲ್ಲಿ ಏನು ಇಡುತ್ತಾರೆಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಮೆಣಸಿನಕಾಯಿಯನ್ನು ಅಳಿಯನ ಅಂಗೈಯಲ್ಲಿಟ್ಟರು.

“ಮಾರಾಕ ಅಲ್ರಿ ಮಾವಾರ,” ಎಂದ ಶಾಬುದ್ದೀನ. ಅವನಿಗೆ ಈಗ ಅರ್ಥವಾಗಿತ್ತು. “ಕೈ ಉರಿ ಹತ್ತಿತ್ತು. ಅದಕ್ಕ ಮಜ್ಜಿಗ್ಯಾಗ ಇಟ್ಟಿದ್ವಿ.”

“ನಲವತ್ತು ವರ್ಷ ವಲ್ಲಿ ಕೆಳಗ ಕೈ ಇಟ್ಟೇನ್ರಿ ಅಳಿಯಾರ. ಮಜ್ಜಿಗಿ ಮಾತು ಇವತ್ತ ಕೇಳಿದೆ.”

ಓಣಿ ಶಾಬುದ್ದೀನನ ಕೈ ಬಿಡಲಿಲ್ಲ, ಅದೇ ಅವನ ದುರ್ದೈವ. ಎಲ್ಲರೂ ಏಕಕಾಲಕ್ಕೆ ಸಾಕ್ಷಿ ಹೇಳತೊಡಗಿದರು. ಅಕ್ಷರ ಅಳಿಸಿದ್ದು ತಾನೇ, ಹುಡುಗನ ತಪ್ಪಿಲ್ಲ ಎಂದಳು ಕಸ್ತೂರೆವ್ವ. ಎಣ್ಣೆ ತನ್ನದು, ಪುಕ್ಕಟೆ ಕೊಟ್ಟದ್ದು ಎಂದ ಬಸಣ್ಣ. ಏಕನಾಥನಿಗೆ ತನ್ನ ಮುಲಾಮಿನ ಮೇಲೆ ಕೆಟ್ಟ ಮಾತು ಬಂದದ್ದನ್ನು ಸಹಿಸಲಾಗಲಿಲ್ಲ. ಬೆರಳು ಒತ್ತಿ ಎಳೆಯದಿದ್ದರೆ ಎಂಥ ಜಾಣನಿಗೂ ಅದು ಹಳೆಯದೆಂದು ಗೊತ್ತಾಗುವುದಿಲ್ಲ, ಬೇಕಾದರೆ ಯಾರಿಗಾದರೂ ತೋರಿಸಿ ಎಂದು ಪಂಥ ಕಟ್ಟಿದ.

ಉಸ್ಮಾನಸಾಬರು ಎಲ್ಲವನ್ನೂ ಕೇಳಿಕೊಂಡರು. ದನಿ ಏರಿಸಲಿಲ್ಲ. “ಮಾರಾಕ ಇಷ್ಟು ಜ್ವಾಕಿ ಮಾಡಿದ್ರಿ,” ಎಂದರು ಅಳಿಯನಿಗೆ. “ಇಟ್ಕೊಳ್ಳಾಕ ಯಾಕ ಮಾಡಲಿಲ್ಲ?”

ಆ ಮಾತಿನ ಮೊದಲರ್ಧ ಸುಳ್ಳಾದರೂ ಕೊನೆಯರ್ಧ ಸುಳ್ಳಲ್ಲ ಎಂಬುದು ಶಾಬುದ್ದೀನನಿಗೂ ಗೊತ್ತಿತ್ತು. ಉಸ್ಮಾನಸಾಬರು ಹ್ಯಾಂಡಲ್ಲು ಹಿಡಿದು, ಮೂಗುದಾರ ಹಿಡಿದಂತೆ, ಸೈಕಲ್ಲನ್ನು ನಡೆಸಿಕೊಂಡು ಓಣಿಯ ಬಾಯಿಗೆ ಹೊರಟರು. ಶಾಬುದ್ದೀನ ಒಂದು ಕೈಯಲ್ಲಿ ಮೆಣಸಿನಕಾಯಿ ಹಿಡಿದೇ ಹಿಂದೆ ಓಡಿದ.

ಚಕ್ಕಡಿಯಲ್ಲಿ ಗುಲ್ಜಾರಬಿ ಕೂತಿದ್ದಳು.

ಅವಳ ಪಕ್ಕದಲ್ಲಿ ಅವಳ ಟ್ರಂಕು, ಸುತ್ತಿದ ಹಾಸಿಗೆ, ಬೋರಲು ಹಾಕಿ ಹಗ್ಗದಿಂದ ಕಟ್ಟಿದ ಹೊಸ ತೊಟ್ಟಿಲು. ಬಂದು ಹೋಗುವವರು ತೊಟ್ಟಿಲು ಹೊತ್ತು ಬರುವುದಿಲ್ಲ, ಅಷ್ಟು ಶಾಬುದ್ದೀನನಿಗೆ ತಿಳಿಯಿತು. ತೊಡೆಯ ಮೇಲೆ ಮಗು ಎಚ್ಚರವಾಗಿಯೇ ಇತ್ತು. ಕಣ್ಣು ದೊಡ್ಡವು, ಗುಲ್ಜಾರಬಿಯವೇ. ಮಗುವಿನ ಕೈಯಲ್ಲಿ ಒಂದು ಡಬ್ಬಿ ಇತ್ತು, ಇನ್ನೆರಡು ಅವಳ ಮಡಿಲಲ್ಲಿ. ಮೂರರ ಮೇಲೂ ಮೇಮಸಾಬಳು ಸೈಕಲ್ಲು ಹೊಡೆಯುತ್ತಿದ್ದಳು.

ಉಸ್ಮಾನಸಾಬರು ಯಾರ ಕಡೆಗೂ ನೋಡದೆ ಸೈಕಲ್ಲನ್ನು ಚಕ್ಕಡಿಯ ಹಿಂದೆ ಹಗ್ಗದಿಂದ ಬಿಗಿಯತೊಡಗಿದರು. ಶಾಬುದ್ದೀನ ಮಗುವಿನ ಕಡೆ ಕೈ ಚಾಚಿದ. ಗುಲ್ಜಾರಬಿ ಮಗುವನ್ನು ಎದೆಗೆ ಎಳೆದುಕೊಂಡಳು.

“ಕೈ ಹಚ್ಚಬ್ಯಾಡ್ರಿ, ಖಾರ ಐತಿ,” ಎಂದಳು. ಅವಳ ಕಣ್ಣು ತುಂಬಿದ್ದವು, ಅದಕ್ಕೆ ಖಾರದ ನೆವವೂ ಇರಲಿಲ್ಲ. ತಂದೆಗೆ ಕೇಳಿಸದಂತೆ ದನಿ ತಗ್ಗಿಸಿದಳು. “ಸಾಕು, ಇನ್ನ ಬಿಟ್ಟು ಬರೂಣು ಅಂತ ಅಬ್ಬಾ ತಾನ ಅಂದಿದ್ದ. ತುಕ್ಕು ಹಿಡಿದಿರ್ತೈತಿ, ಕೂಡಿ ತಿಕ್ಕೂಣು ಅಂತ ಸಂತ್ಯಾಗಿಂದ ಎದ್ದು ಹೋಗಿ ಈ ಡಬ್ಬಿ ತಂದ. ತುಕ್ಕಿಗೆ ತಯಾರಾಗಿ ಬಂದಿದ್ದನ್ರಿ ಅವ. ನೀವು ಹೊಳಿಸಿಟ್ರಿ.”

ಎತ್ತುಗಳು ಹೆಜ್ಜೆ ಕಿತ್ತವು. ಚಕ್ಕಡಿ ಶಿರಗುಪ್ಪಿಯ ಹಾದಿಗೆ ತಿರುಗಿತು. ಹಿಂದೆ ಕಟ್ಟಿದ ಸೈಕಲ್ಲಿನ ಗಾಲಿ ಕುಸುಬಿ ಎಣ್ಣೆಯ ಪುಣ್ಯದಿಂದ ಸದ್ದೇ ಮಾಡದೆ ಹಗುರಾಗಿ ತಿರುಗುತ್ತಿತ್ತು. ಮಗು ಡಬ್ಬಿಯನ್ನು ಅಲ್ಲಾಡಿಸಿ ನಕ್ಕಿತು. ಶಾಬುದ್ದೀನ ಆ ನಗೆ ಕಣ್ಮರೆಯಾಗುವವರೆಗೂ ನಿಂತು ನೋಡಿದ.

ತಿರುಗಿ ಬಂದಾಗ ಓಣಿಯಲ್ಲಿ ಕಸ್ತೂರೆವ್ವ ನಾಳೆಗೆ ರೊಟ್ಟಿ ಬೇಕೋ ಬೇಡವೋ ಎಂದು ಕೇಳಿದಳು. ಬೇಕು ಎಂದ. ಆಕೆಯ ಮೆಣಸಿನಕಾಯಿಯನ್ನು ಆಕೆಯ ಕೈಗೆ ಕೊಟ್ಟು ಒಳಗೆ ಹೋದ. ಕೋಳಿ ಎಂದಿನಂತೆ ಪಡಸಾಲೆಗೆ ಬಂದು, ಖಾಲಿಯಾದ ಮೂಲೆಯಲ್ಲಿ ಎರಡು ಸುತ್ತು ಹಾಕಿ, ಏರಲು ಏನೂ ಸಿಗದೆ ಅವನ ಹಾಸಿಗೆಯ ಮೇಲೆ ಹೋಗಿ ಕೂತಿತು.